ಬೀಗಿತ್ತಿ ಹಾಡಿಗೆ ಒಂದು ಲ್ಯಾಪ್‌ಟಾಪು

...ಆ ಕಡೇದು ಬೇಡ ಅಂದ್ನಲ್ಲೇ ಧನಶ್ರೀ! ಈ ಕಡೇದು ತಗೋ. ಬೆಲೆ ಕಮ್ಮಿ, ನೋಡೋಕೂ ಲಕ್ಷಣವಾಗಿದೆ. ಅಂಗಡಿ ಕದಿರೇಶ ಟೀ ಕುಡಿದು ಬರೋದ್ರೊಳಗೆ ಮನಸ್ಸು ಗಟ್ಟಿ ಮಾಡ್ಕೋ. ಬಂದ್ನೋ, ಮತ್ತೆ ರ‍್ಯಾಮು, ಪ್ರೊಸೆಸರ್ರು ಅಂತ ಶುರು ಮಾಡ್ತಾನೆ. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒರೆಸಿ ಮಾರೋನಿಗೆ ಏನು ಮಾತು, ಏನು ಮಾತು! ಹೆಂಡ್ತಿ ಮುನಿಸ್ಕೊಂಡು ಮುಳಬಾಗಿಲಲ್ಲಿ ತವರು ಸೇರಿದ್ದಾಳೆ. ಅವಳನ್ನ ಕರ್ಕೊಂಡು ಬರೋಕೆ ಮಾತ್ರ ಮಾತು ಹೊರಡಲಿಲ್ಲ ಈಯಪ್ಪನಿಗೆ!

ಯಾಕೆ ನಗ್ತೀಯ? ನನಗೆ ಹೇಗೆ ಗೊತ್ತು ಅಂತಾನಾ? ಬಸ್ ಸ್ಟ್ಯಾಂಡಲ್ಲಿ ಹೂ ಮಾರೋಳು ಹೇಳಿದ್ಲು. ಇದೆಲ್ಲಾ ತಿಳ್ಕೊಂಡಿರಬೇಕು ಕಣೇ ಅಮ್ಮಣ್ಣೀ. ಈ ನಿಮ್ಮಜ್ಜಿ ಅಕ್ಕಯಮ್ಮ ಮದುವೆ ಮನೇಲಿ ಬೀಗರನ್ನ ಆಡಿಕೊಂಡು ಹಾಡೋಕೆ ಬಾಯಿ ತೆಗೆದರೆ ಅವರು ಬೆವರೋದು ಸುಮ್ಮನೆ ಅಂದ್ಕೊಂಡ್ಯಾ?

ಹೂಂ... ಟೇಕಲ್ ಮದುವೆ ನೆನೆಸ್ಕೊಂಡು ನಗ್ತಿದ್ದೀಯಾ? ನಗು, ನಗು. ಅಲ್ಲಿ ಮಾನ ಹೋಗಿದ್ದಕ್ಕೆ ತಾನೇ ಇವತ್ತು ಕೋಲಾರಕ್ಕೆ ಬಂದಿರೋದು? ನಾನು ಮೈಕಲ್ಲಿ ಬೀಗಿತ್ತಿ ಹಾಡು ಹಾಡ್ತಿದ್ದೀನಿ, ನೀನು ಲ್ಯಾಪ್‌ಟಾಪಲ್ಲಿ ಡೋಲು, ಕೀಬೋರ್ಡು ಸೇರಿಸಿ, ಕ್ಯಾಮೆರಾ ತಿರುಗಿಸಿ ಬೀಗರ ಮುಖಾನ ದೊಡ್ಡ ಪರದೆ ಮೇಲೆ ಬಿಡ್ತಿದ್ದೀಯ. ಆ ಬೀಗಿತ್ತಿ ಇಡೀ ಒಬ್ಬಟ್ಟು ಬಾಯಿಗೆ ತುರುಕಿದ್ದೂ ಒಂದೇ, ಆ ಹಳೇ ಡಬ್ಬ ಹ್ಯಾಂಗ್ ಆಗಿದ್ದೂ ಒಂದೇ! ಪರದೆ ತುಂಬಾ ಬಾಯಿ ತೆರೆದ ಬೀಗಿತ್ತಿ, ಅರ್ಧ ಒಬ್ಬಟ್ಟು ಒಳಗೆ, ಅರ್ಧ ಹೊರಗೆ... ಸ್ಪೀಕರಲ್ಲಿ ನನ್ನ ದನಿ, ನುಂಗಿದಳೇ, ನುಂಗಿದಳೇ, ನುಂಗಿದಳೇ! ನಾನು ಹಾಡು ನಿಲ್ಲಿಸಿ ನೀರು ಕುಡೀತಿದ್ದೀನಿ, ಅದರ ಪಾಡಿಗೆ ಅದು ಹಾಡ್ತಾನೇ ಇದೆ... ಅವತ್ತೇ ನನಗನ್ನಿಸ್ತು... ಏನಿಲ್ಲ ಬಿಡು.

ಏನಂದೆ? ಗೊತ್ತು ಕಣೇ. ಈ ಕಡೇದು ಮೊದಲೇ ರೆಕಾರ್ಡು ಮಾಡಿಟ್ಟ ಹಾಡು, ವಿಡಿಯೋ ಹಾಕೋಕೆ ಮಾತ್ರ ಲಾಯಕ್ಕು. ಮೈಕು, ಕ್ಯಾಮೆರಾ, ಡೋಲು ಎಲ್ಲಾನೂ ಅಲ್ಲೇ ಲೈವಲ್ಲಿ ಎಳೆಯೋಕೆ ಆ ಕಡೇದೇ ಬೇಕು. ಬೆಳಗಿಂದ ಅದನ್ನೇ ಹೇಳ್ತಿದ್ದೀಯ. ಲೈವ್ ಯಾಕೆ ಬೇಕು ಅಂತೀನಿ? ಈ ವಾರ ಮನೇಲಿ ಕೂತು ಬಾಯಿಗೆ ಬಂದಿದ್ದೆಲ್ಲಾ ಹಾಡಿ ತುಂಬಿಸಿ ಕೊಡ್ತೀನಿ. ಹೋದ ಕಡೆ ಗುಂಡಿ ಒತ್ತು, ಮುಗೀತು!

ಯಾಕೆ ಹಾಗೆ ನೋಡ್ತೀಯ?

...ಹೂಂ, ಅಂದಿದ್ದೆ. ಶ್ರೀನಿವಾಸಪುರದ ಮದುವೇಲಿ ಯಾರೋ ಮೊಬೈಲಲ್ಲಿ ಸೋಬಾನೆ ಹಾಕಿದಾಗ ಉಗಿದವಳು ನಾನೇ. ಗಂಡಿನ ಚಿಕ್ಕಪ್ಪ ಸಂಜೆ ಹೊತ್ತು ಯಾರ ಮನೆ ಮುಂದೆ ಬೈಕು ನಿಲ್ಲಿಸ್ತಾನೆ ಅಂತ ಈ ಡಬ್ಬೀಗೇನು ಗೊತ್ತು ಅಂದಿದ್ದೆ. ಬೀಗರ ಮುಖ ನೋಡ್ಕೊಂಡು ಅಲ್ಲೇ ಕಟ್ಟಬೇಕು, ಅಲ್ಲೇ ಹಾಡಬೇಕು, ತುಂಬಿಸಿಟ್ಟಿದ್ದು ತಂಗಳು ಅಂದಿದ್ದೆ. ಅಂದ್ರೇನೀಗ? ಮುದುಕಿ ಮನಸ್ಸು ಬದಲಾಯಿಸಬಾರದಾ?

ಯಲ್ದೂರಲ್ಲಿ ಒಪ್ಕೊಂಡಿರೋ ಮದುವೇಗಾ? ಬರ್ತೀನಿ. ಬರಲ್ಲ ಅಂದ್ನಾ? ಬಂದು ಮುಂದಿನ ಸಾಲಲ್ಲಿ ಕೂತ್ಕೋತೀನಿ, ಊಟ ಮಾಡ್ತೀನಿ... ಆ ಗಂಡಿನ ಸೋದರಮಾವ ಗೌನಿಪಲ್ಲಿ ಕೋದಂಡರಾಮಪ್ಪ, ಗೊತ್ತಾ? ತಮ್ಮನಿಗೆ ಹೆಣ್ಣು ನೋಡೋಕೆ ಹೋಗಿ ಹೆಣ್ಣಿನ ಚಿಕ್ಕಮ್ಮನಿಗೆ ಮಲ್ಲಿಗೆ ಹೂ ಕಳಿಸಿದ ಭೂಪ! ಕಳಿಸಿದ್ದು ಯಾರ ಕೈಲಿ? ಕಟ್ಕೊಂಡ ಹೆಂಡ್ತಿ ಕೈಲೇ! ದೇವರಿಗೆ ಅಂತ ಹೇಳಿ... ಯಾಕೆ, ನಗು ಬರಲಿಲ್ವಾ? ಇದಕ್ಕೆ ನಗದೇ ಇರೋರನ್ನ ನಾನು ನೋಡೇ ಇಲ್ಲ.

ಏನು ಕೇಳ್ದೆ ಧನಶ್ರೀ?

ದನಿ ಒಡೆದಿರೋದಾ? ಮಾವು ಹೂಬಿಟ್ಟಿದೆ, ಅದರ ಧೂಳು. ಪ್ರತಿ ವರ್ಷ ಇದ್ದದ್ದೇ... ಪ್ರತಿ ವರ್ಷ ಇರಲಿಲ್ಲ. ಸರಿ. ನೀನು ಹಾಗೆ ದಿಟ್ಟಿಸಿ ನೋಡಿದ್ರೆ ನನ್ನ ಸುಳ್ಳು ನಿಲ್ಲಲ್ಲ ಕಣೇ. ಯಾರು ಹೇಳಿದ್ರು ನಿನಗೆ? ಆಸ್ಪತ್ರೆಗೆ ಜೊತೇಲಿ ಬಂದಿದ್ದ ಮುತ್ಯಾಲಮ್ಮನಾ?

...ಅಯ್ಯೋ ದೇವುಡಾ. ಯಾರೂ ಹೇಳಿರಲಿಲ್ಲ. ನಾನೇ ಬಾಯಿಬಿಟ್ನಾ!

ಹೂಂ ಕಣೇ. ಗಂಟಲಲ್ಲಿ ಗಡ್ಡೆ. ಆಪರೇಷನ್ ಮಾಡಿ ದನಿ ಬರೋ ಜಾಗಾನೇ ತೆಗೀಬೇಕಂತೆ. ಆಮೇಲೆ ಉಸಿರಾಡಬಹುದು, ಉಣ್ಣಬಹುದು, ಹಾಡೋಕಾಗಲ್ಲ ಅಂದ್ರು ಡಾಕ್ಟ್ರು. ಮಾತೂ ಕಷ್ಟ ಅಂದ್ರು. ನಿಮ್ಮಮ್ಮನಿಗೂ ಹೇಳಿಲ್ಲ. ಊರವರದ್ದೆಲ್ಲಾ ಬೀದಿಗೆ ತಂದೋಳು, ನನ್ನದು ಇದೊಂದನ್ನ ಒಳಗಿಟ್ಕೊಳ್ಳೋಣ ಅಂದ್ಕೊಂಡೆ. ಅದೂ ಆಗಲಿಲ್ಲ ನೋಡು ಈ ಹಾಳು ಬಾಯಿಗೆ.

ಅದಕ್ಕೇ ಅಂದಿದ್ದು, ಇಲ್ಲದ ದನಿಗೆ ಅಷ್ಟು ದುಬಾರಿ ಮಿಷಿನ್ ಯಾಕೆ? ನೀನು ಸ್ಕೂಲ್ ಮಕ್ಕಳಿಗೆ ಕೀಬೋರ್ಡ್ ಹೇಳ್ಕೊಟ್ಟು ಕೂಡಿಟ್ಟ ದುಡ್ಡು...

ಯಾಕೆ ಅದನ್ನ ಎತ್ಕೊಂಡೆ? ಕೆಳಗಿಡೇ! ಅದು ಲೈವಿಂದು. ಯಾರು ಹಾಡ್ತಾರೆ ಅದಕ್ಕೆ?

...ನೀನಾ?

ನಿನ್ನ ದನಿ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆಡಿಕೊಳ್ಳೋಕೆ ಬರುತ್ತಾ? ಎದುರುಮನೆಯೋರು ಹೊಸ ಗೋಡೆ ಕಟ್ಟಿ ಎಷ್ಟೋ ತಿಂಗಳಾದ್ಮೇಲೆ ಅದನ್ನ ನೋಡಿದೋಳು ನೀನು! ಯಾರ ಮೇಲೆ ಏನು ಕಟ್ತೀಯ? ಹೇಳ್ಕೊಡಬೇಕು, ಎಲ್ಲಾನೂ ಹೇಳ್ಕೊಡಬೇಕು, ಯಾರಿಗೆ ಎಷ್ಟು ಚುಚ್ಚಬೇಕು, ಎಲ್ಲಿ ನಿಲ್ಲಿಸಿದ್ರೆ ಬೀಗಿತ್ತಿ ಅಳದೆ ನಗ್ತಾಳೆ... ಅಷ್ಟೆಲ್ಲಾ ಹೇಳೋಕೆ ಈ ಗಂಟಲಿಗೆ ಟೈಮೆಲ್ಲಿದೆಯೇ ಅಮ್ಮಣ್ಣೀ?

ಸರಿ, ಬಾ. ಇಲ್ಲೇ ಶುರು ಮಾಡು. ನಾನೇ ಬೀಗಿತ್ತಿ ಅಂದ್ಕೋ. ಹಲ್ಲುದುರಿದ ಮುದುಕಿ, ಮೂರು ಊರಿನ ಚಾಡಿ ಹೊತ್ತೋಳು... ಬೇಕಾದಷ್ಟು ಸಿಗುತ್ತೆ ನಿನಗೆ. ಸಿಗಿದು ಹಾಕು ನನ್ನ. ನೀನು ಅತ್ರೆ ಬೀಗಿತ್ತಿ ಹೇಗೆ ನಗ್ತಾಳೆ? ಮುಖ ಒರೆಸ್ಕೋ. ಕದಿರೇಶ ಬಂದ್ರೆ ಬರಲಿ, ಅವನೂ ಕೇಳಲಿ.

ಶುರು ಮಾಡೇ. ನೀನು ಒಂದು ಸಾಲು ಹಾಡೋವರೆಗೂ ನಾನು ಮಾತಾಡಲ್ಲ.