ದನಕ್ಕೆ ಹೇಳದ ಸಾವು

ಕುಂಬಳದ ಬೀಜ ಸುಲಿಯೋದು ನಿಲ್ಲಿಸ್ಬೇಡಿ. ಬಾಯಿ ನಂದು, ಕೈ ನಿಮ್ಮದು. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ಮಾತ್ರ ಎದ್ದು ಹೋಗ್ತೀನಿ. ಇದು ಕಟ್ಟಿದ ಕತೆ ಅಲ್ಲ, ನನ್ನ ಸೋದರತ್ತೆ ಮಗಳು ನೇಜಾ ಮನೇಲಿ ನಡೆದದ್ದು.

ಫೆಬ್ರವರಿ ತಿಂಗಳು. ಸಂಜೆ ಐದೂವರೆಗೇ ಕತ್ತಲು. ನೇಜಾ ಆರು ವಾರದ ಕೂಸನ್ನ ಶಾಲಿನಲ್ಲಿ ಎದೆಗೆ ಕಟ್ಟಿಕೊಂಡು, ಕೈಯಲ್ಲೊಂದು ತಂಬಿಗೆ ಹಾಲು ಹಿಡಿದು, ತವರಿಂದ ಗುಡ್ಡ ಹತ್ತಿ ಬರ್ತಿದ್ಲು. ಹೆತ್ತ ಮೇಲೆ ಜ್ವರ ಬಂದು ಅವಳ ಎದೆಹಾಲು ಬತ್ತಿಹೋಗಿತ್ತು. ಮನೇಲಿದ್ದದ್ದು ಒಂದೇ ಹಸು, ಲಿಸ್ಕಾ. ಅವಳ ಅತ್ತೆ, ಗಂಡನ ತಾಯಿ ಉರ್ಷಾ ಸತ್ತ ದಿನದಿಂದ ಅದು ಒಂದು ತೊಟ್ಟು ಹಾಲು ಕೊಟ್ಟಿರಲಿಲ್ಲ. ತವರಿನ ಹಸು ಗಬ್ಬ, ಇನ್ನೊಂದು ವಾರಕ್ಕೆ ಅದರದ್ದೂ ನಿಲ್ಲೋದು. ಆ ವರ್ಷ ಮೇವಿಲ್ಲದೆ ಅಕ್ಕಪಕ್ಕದ ಹಟ್ಟಿಗಳೂ ಬರಿದು. ಆಮೇಲೆ ಕೂಸಿಗೆ ಏನು ಕುಡಿಸೋದು? ಅದೊಂದೇ ಯೋಚನೆ ಅವಳ ತಲೆ ತಿಂತಿತ್ತು.

ಬಾವಿ ಹತ್ತಿರ ಬಂದಾಗ ಕೇಳಿಸ್ತು...

ಚುರ್... ಚುರ್... ಚುರ್.

ಖಾಲಿ ತಗಡಿನ ಬಕೆಟ್ಟಿಗೆ ಮೊದಲ ಹಾಲಿನ ಧಾರೆ ಬೀಳೋ ಸದ್ದು. ಬಕೆಟ್ಟು ತುಂಬ್ತಾ ಬಂದ ಹಾಗೆ ಆ ಸದ್ದು ದಪ್ಪ ಆಗತ್ತಲ್ಲ, ನೊರೆಯೊಳಗೆ ಇಳಿಯೋ ಹಾಗೆ ಬುರ್... ಬುರ್... ಅದೂ ಆಯ್ತು.

ಗಂಡ ಲೆನಾರ್ಟ್ ಅಂತೂ ಹಾಲಿಳಿಸಿದ ಅಂತ ನೇಜಾಗೆ ಹೋದ ಜೀವ ಬಂತು. ಎರಡು ಹೆಜ್ಜೆ ಹಾಕಿದ್ಲು. ನೋಡಿದ್ರೆ ಲೆನಾರ್ಟ್ ಬಾವಿಕಟ್ಟೆ ಆಚೆ ನಿಂತಿದ್ದಾನೆ. ಕೈಯಲ್ಲಿ ಬಾವಿಹಗ್ಗ. ಮುಖ ಸುಣ್ಣ ಬಳಿದ ಹಾಗೆ.

"ಹಟ್ಟೀಲಿ ಯಾರು?" ನೇಜಾ ಪಿಸುಗುಟ್ಟಿದ್ಲು.

"ಯಾರೂ ಇಲ್ಲ."

"ಮತ್ತೆ ಹಾಲು ಕರೀತಿರೋದು?"

"ಗಾಳಿ."

"ಗಾಳಿಗೆ ಬೆರಳಿರತ್ತಾ?"

ಅವನು ಹಗ್ಗ ಸುತ್ತೋಕೆ ಶುರುಮಾಡಿದ. ಅವಳೇ ಹೋಗಿ ಹಟ್ಟಿ ಬಾಗಿಲು ತೆಗೆದ್ಲು. ಥಟ್ಟನೆ ಸದ್ದು ನಿಂತುಹೋಯ್ತು. ಲಿಸ್ಕಾ ಒಂದೇ ನಿಂತಿತ್ತು, ಆರಾಮಾಗಿ ಮೆಲುಕು ಹಾಕ್ತಾ. ಬಕೆಟ್ಟು ಗೋಡೆಯ ಮೊಳೆಯಲ್ಲಿ ತೂಗ್ತಿತ್ತು, ಒಳಗೆ ಜೇಡರಬಲೆ. ನೇಜಾ ಕೆಚ್ಚಲು ಮುಟ್ಟಿ ನೋಡಿದ್ಲು. ನಾಲ್ಕೂ ಮೊಲೆ ಒದ್ದೆ. ಬೆಚ್ಚಗೆ... ಕೆಚ್ಚಲು ಮಾತ್ರ ಹಿಂಡಿದ ಬಟ್ಟೆ.

ಅಡುಗೆಮನೆಗೆ ಬಂದವಳೇ ಕೇಳಿದ್ಲು. "ಅತ್ತೆ ಹೋದ ದಿನ ದನಕ್ಕೆ ಹೇಳಿದ್ಯಾ?"

ನಮ್ಮ ಗುಡ್ಡದ ಕಡೆ ಇದು ಮಕ್ಕಳಿಗೂ ಗೊತ್ತು. ಮನೆಯೊಡತಿ ಸತ್ತರೆ, ಹೆಣ ಹೊಸಲು ದಾಟೋ ಮುಂಚೆ ಮಗ ಹಟ್ಟಿಗೆ ಹೋಗಿ ದನ ಎಬ್ಬಿಸಿ ನಿಲ್ಲಿಸಿ, ಕೊಂಬು ಮುಟ್ಟಿ ಹೇಳ್ಬೇಕು: ನಿನ್ನ ಒಡತಿ ಹೋದ್ಲು, ಹೀಗೆ ಹೋದ್ಲು, ಇನ್ನು ನಾನೇ ನಿನ್ನೋನು. ಜೇನುಗೂಡಿಗೂ ತಟ್ಟಿ ಹೇಳ್ಬೇಕು. ಹೇಳದಿದ್ರೆ ಅವು ಸತ್ತವರದೇ ಆಗಿ ಉಳೀತವೆ.

"ಜೇನಿಗೆ ಹೇಳ್ದೆ. ಹಂದಿಗೂ ಹೇಳ್ದೆ," ಅಂದ ಲೆನಾರ್ಟ್.

"ಲಿಸ್ಕಾಗೆ?"

"ಮರೆತೆ."

"ಹಂದಿ ನೆನಪಿತ್ತು, ಹಸು ಮರೆತುಹೋಯ್ತು! ಬೇರೆಯವರ ಕಿವಿಗೆ ಹೂವಿಡು ಹೋಗು."

ಉರ್ಷಾ ಸತ್ತದ್ದು ಆ ಹಟ್ಟೀಲೇ. ನೇಜಾ ಹೆರಿಗೆಗೆ ಪ್ತೂಯ್ ಪೇಟೆಯ ಆಸ್ಪತ್ರೇಲಿದ್ದ ರಾತ್ರಿ. ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಜಾರಿ, ಸೊಂಟ ಮುರಿದು, ಲಿಸ್ಕಾ ಕಾಲಬಳಿ ಬಿದ್ದು ಚಳಿಗೆ ಪ್ರಾಣ ಬಿಟ್ಟಿದ್ಲು. ಹಾಲು ಕರೆಯೋ ಮಣೆ ಕೈಯಲ್ಲೇ ಬಿಗಿದುಕೊಂಡಿತ್ತಂತೆ. ಹಟ್ಟಿಗೂ ಮಲಗೋ ಕೋಣೆಗೂ ಮಧ್ಯೆ ಒಂದೇ ಗೋಡೆ. ಗಾಢ ನಿದ್ದೆ, ಏನೂ ಕೇಳಿಸ್ಲಿಲ್ಲ ಅಂದಿದ್ದ ಲೆನಾರ್ಟ್. ಊರು ನಂಬಿತ್ತು. ನೇಜಾನೂ ನಂಬಿದ್ಲು.

ಅವಳು ಲಾಂದ್ರ ತಂದು ಅವನ ಕೈಗೆ ತುರುಕಿದ್ಲು. "ಏಳು, ಈಗ ಹೇಳು. ನನ್ನ ಕೂಸು ಹಸಿದು ಸಾಯೋದನ್ನ ನಾನು ನೋಡ್ಲಾರೆ."

ಹಟ್ಟೀಲಿ ಅವನು ಕೊಂಬಿಗೆ ಕೈ ಚಾಚಿದ. ಲಿಸ್ಕಾ ತಲೆ ಕೊಡವಿತು. ಹೇಗೋ ಮುಟ್ಟಿದ.

"ಲಿಸ್ಕಾ... ನಿನ್ನ ಒಡತಿ ಹೋದ್ಲು. ಜಾರಿ ಬಿದ್ಲು, ಆ ಕ್ಷಣಕ್ಕೇ ಪ್ರಾಣ..."

ಠಕ್. ಠಕ್. ಠಕ್.

ಗೋಡೆಗೆ ಮರ ಬಡಿದ ಸದ್ದು. ಕೋಣೆ ಕಡೆಯ ಗೋಡೆ. ಮಣೆ ಮೂಲೇಲಿ ಬಿದ್ದಿತ್ತು, ಯಾರೂ ಮುಟ್ಟಿರಲಿಲ್ಲ. ಆದ್ರೆ ನೇಜಾ ನೋಡಿದ್ದು ಗೋಡೇನಲ್ಲ, ಗಂಡನ್ನ. ಅವನು ಬೆಚ್ಚಿಬೀಳಲಿಲ್ಲ ಕಣ್ರೀ. ಸದ್ದು ಬರೋ ಮುಂಚೇನೇ ಎರಡೂ ಕೈ ಕಿವಿ ಮೇಲೆ ಒತ್ತಿಕೊಂಡಿದ್ದ.

"ಇದನ್ನ ನೀನು ಮುಂಚೆ ಕೇಳಿದ್ದೀಯ," ಅಂದ್ಲು.

"ಇಲ್ಲ."

"ಆ ರಾತ್ರಿ ಕೇಳಿದ್ದೀಯ!"

"ಇಲ್ಲ ಅಂದ್ನಲ್ಲ!"

ಆಗ ಹಸುವಿನ ಹೊಟ್ಟೆ ಕೆಳಗಿಂದ ಒಂದು ದನಿ. ಮೆಲ್ಲಗೆ, ಗೊಗ್ಗರಾಗಿ... ಉರ್ಷಾ ಹಾಲು ಕರೀವಾಗ ಹಸೂನ ಸಮಾಧಾನ ಮಾಡ್ತಿದ್ದ ದನಿ.

"ಹೋ... ಹೋ ನನ್ನವ್ವ... ಅವನು ಬಾಯಿ ಬಿಡೋವರೆಗೂ ನೀನು ಹಾಲು ಬಿಡಬೇಡ."

ಶಾಲಿನೊಳಗೆ ಕೂಸು ಅಳೋಕೆ ಶುರುಮಾಡ್ತು. ಹಸಿವಿನ ಅಳು, ಗಂಟಲು ಒಣಗಿದ್ದು. ನೇಜಾ ಗಂಡನ ಅಂಗಿ ಹಿಡಿದು ಜಗ್ಗಿದ್ಲು. "ಬೊಗಳೋ ಪಾಪಿ! ನಿನ್ನದೇ ಕೂಸು ಕಣೋ ಇದು!"

ಅವನು ಸಗಣಿ ಮೇಲೇ ಮಂಡಿಯೂರಿ ಕುಸಿದ.

"ಕೇಳಿಸ್ತು... ಕೇಳಿಸ್ತು ಅವ್ವ. ಈ ಹಸೂಗೆ ಕವೆಗೋಲಲ್ಲಿ ಹೊಡೆದೆ ಅಂತ ಅವತ್ತು ಸಂಜೆ ನಾಲ್ಕು ಜನರ ಮುಂದೆ ನನ್ನ ಕೆನ್ನೆಗೆ ಬಾರಿಸಿದ್ಯಲ್ಲ... ಬಡಕೊಳ್ಳಲಿ ಮುದುಕಿ, ಸೊಕ್ಕಿಳೀಲಿ ಅಂತ ಕಂಬಳಿ ಮುಸುಕೆಳೆದೆ. ಎಷ್ಟೋ ಹೊತ್ತು ಬಡಿದೆ ನೀನು. ನಾನು ಎಚ್ಚರವಾಗೇ ಇದ್ದೆ."

ಗೋಡೆ ಸುಮ್ಮನಾಯ್ತು. ಲಿಸ್ಕಾ ಉದ್ದಕ್ಕೊಂದು ಉಸಿರು ಬಿಡ್ತು. ಆಗಷ್ಟೇ ಬರಿದಾಗಿದ್ದ ಕೆಚ್ಚಲು ಹೇಗೆ ತುಂಬ್ತು ಅಂತ ನನ್ನ ಕೇಳ್ಬೇಡಿ. ಹುಲ್ಲಿನ ಮೇಲೆ ತೊಟ್... ತೊಟ್... ಅಂತ ಹಾಲು ತಾನಾಗೇ ಸುರೀತಿತ್ತು. ನೇಜಾ ಬಕೆಟ್ಟು ಒರೆಸಿ ಕೂತು ಕರೆದ್ಲು. ಅಳ್ತಾ ಕರೆದ್ಲು. ಅತ್ತೆಗಾಗಿ ಅತ್ತಳೋ, ಇಂಥವನ ಜೊತೆ ಬಾಳಿದ್ದಕ್ಕೆ ಅತ್ತಳೋ, ಎರಡಕ್ಕೂ ಇರಬೇಕು.

"ನನ್ನ ಕಣ್ಮುಂದೆ ನಿಲ್ಬೇಡ, ಹೋಗು," ಅಂದ್ಲು.

ಅವನು ಕದಲಲಿಲ್ಲ.

"ಹೋಗು ಅಂದೆ!"

ಅವನು ಗಾಬರಿಯಿಂದ ಅವಳ ತುಟೀನೇ ನೋಡ್ತಿದ್ದ. "ಯಾಕೆ ಸದ್ದಿಲ್ದೆ ಬಾಯಾಡಿಸ್ತಿದ್ದೀಯ?" ಅಂದ.

ಅವತ್ತಿಂದ ಎರಡೂ ಕಿವಿ ಹೋದವು. ಡಾಕ್ಟರು ನೋಡಿದ್ರು, ಕಿವಿ ಚೆನ್ನಾಗೇ ಇದೆ ಅಂದ್ರು. ಹಂದಿ ಬೇಟೇಲಿ ಅವನ ಬೆನ್ನ ಹಿಂದೇನೇ ಕೋವಿ ಹಾರಿತು, ಕಣ್ಣು ಸಹ ಮಿಟುಕಿಸಲಿಲ್ಲ. ಕೂಸು ಬದುಕಿ ಬೆಳೀತು, ಈಗ ಆ ಕೂಸಿಗೇ ಎರಡು ಮಕ್ಕಳು. ನೇಜಾ ಅವತ್ತೇ ಹಾಸಿಗೆ ಅಟ್ಟಕ್ಕೆ ಒಯ್ದವಳು ಇನ್ನೂ ಇಳಿಸಿಲ್ಲ. ಅವನೊಬ್ಬನೇ ಆ ಗೋಡೆ ಪಕ್ಕ ಮಲಗ್ತಾನೆ.

ಸುಳ್ಳು ಅನ್ನೋರು ಅನ್ನಿ. ಹೋದ ವರ್ಷ ದ್ರಾಕ್ಷಿ ಕೊಯ್ಲಿಗೆ ಹೋಗಿ ಅದೇ ಕೋಣೇಲಿ ನಾನೂ ಮಲಗಿದ್ದೆ, ಇದೇ ಕಣ್ಣಲ್ಲಿ ಕಂಡದ್ದು ಹೇಳ್ತಿದ್ದೀನಿ. ದೀಪ ಆರಿಸೋ ಮುಂಚೆ ಆ ಕಿವುಡ ಮನುಷ್ಯ ಹಾಸಿಗೆ ಮೇಲೆ ಕೂತು, ಕುರಿಯುಣ್ಣೆ ಉಂಡೆ ಮಾಡಿ, ಎಣ್ಣೇಲಿ ಅದ್ದಿ, ಎರಡೂ ಕಿವಿಗೆ ಒತ್ತಿ ಒತ್ತಿ ತುರುಕ್ಕೊಂಡ.