ಅದೇ ಹೆಸರಿನ ಫೈಲು

ಸಿಂಚು ನಗರದ ಡಬ್ಬಿಯಲ್ಲಿ ಊಟ ಮಾರುವ ಅಂಗಡಿಯ ಮುಂದಿನ ಸಾಲಿನಲ್ಲಿ ಶು-ಫೆನ್ ನಿಂತಿದ್ದಳು. ಮುಂದಿದ್ದ ಇಬ್ಬರು, ಒಬ್ಬಾಕೆ ಮತ್ತು ಆಕೆಗಿಂತ ಕಿರಿಯ ಹುಡುಗ, ಕೊರಳಲ್ಲಿ ಒಂದೇ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡಿದ್ದರು.

“ಡ್ರೈವರಿಲ್ಲದ ಬಸ್ಸಿನ ಪರೀಕ್ಷೆಗೆ ಇಟ್ಟಿದ್ದ ರಸ್ತೆ ವಿಡಿಯೋ ಫೈಲು ಅಷ್ಟು ಚಿಕ್ಕದು ಹೇಗಾಯ್ತೋ, ಯೆನ್-ತಿಂಗ್?”

“ಡಿಸ್ಕ್ ತುಂಬಿತ್ತು, ಚಿಯಾವ್-ವೆನ್ ಅಕ್ಕಾ. ಸ್ವಲ್ಪ ಕತ್ತರಿಸಿದೆ.”

“ಏನನ್ನ?”

“ಮಳೇಲಿ ಜನ ರಸ್ತೆ ದಾಟೋದನ್ನ. ಬಸ್ಸು ಅಲ್ಲೇ ಯಾವಾಗ್ಲೂ ಫೇಲಾಗ್ತಿತ್ತು.”

“ಅಯ್ಯೋ ಪುಣ್ಯಾತ್ಮ! ಅದಕ್ಕೇ ಈ ವಾರ ಪಾಸಾಗಿದ್ದು. ಬಸ್ಸಿಗೆ ಕಣ್ಣು ಬಂತು ಅಂತ ನಾವು ಹಾಲಿನ ಚಹಾ ಹಂಚಿದ್ವಿ. ಹಳೇದೆಲ್ಲಿ?”

“ಅದರ ಮೇಲೇ, ಅದೇ ಹೆಸರಲ್ಲಿ ಸೇವ್ ಮಾಡ್ಬಿಟ್ಟೆ. ಹಳೇದು ಅಳಿಸಿಹೋಯ್ತು.”

“ಹೊಸ ಹೆಸರು ಕೊಡೋಕೆ ಏನು ರೋಗ ನಿಂಗೆ?”

“ಅಷ್ಟು ದೊಡ್ಡ ಫೈಲು ಎರಡೆರಡು ಇಟ್ರೆ ನೀವೇ ಬೈತಿದ್ರಿ.”

ಆಕೆ ಕಣ್ಣುಜ್ಜಿಕೊಂಡಳು.

“ಸೋಮವಾರ ಬಸ್ಸು ರಸ್ತೆಗಿಳಿಯುತ್ತೆ ಕಣೋ.”

“ಪಾಸು ಅಂತ ಸಹಿ ಹಾಕಿದ್ದು ನೀವು. ಈಗ ಬಾಯಿಬಿಟ್ರೆ ನಿಮ್ಮ ಬಡ್ತಿ ಹೋಗುತ್ತೆ, ಅಕ್ಕಾ.”

“ಗೊತ್ತು. ನನ್ನ ಡಬ್ಬೀನೂ ನೀನೇ ತಗೊ.”

ಆಕೆ ಫೋನನ್ನು ಕಿವಿಗಿಟ್ಟುಕೊಂಡು ಸಾಲಿನಿಂದ ಹೊರನಡೆದಳು. “ಮ್ಯಾನೇಜರ್, ಊಟ ಆಮೇಲೆ ಮಾಡಿ. ಸೋಮವಾರದ ಬಸ್ಸು ನಿಲ್ಸಿ,” ಎಂದದ್ದು ಮಾತ್ರ ಶು-ಫೆನ್‌ಗೆ ಕೇಳಿತು.