ನಾದಿಯಾಳ ಕೊರಳಾಗಿನ ಶಿಲುಬಿ

ಅಲ್ಲಾ, ನನಗ ಕೆಲಸ ಕೊಟ್ಟಾಕಿಗೆ ಹಂಗ ಅಂದ್ರ ನಾ ಸುಮ್ನ ಕೂಡಬೇಕಿತ್ತೇನು? ಈಗ ನೆನಸಿದ್ರೂ ಮೈ ಉರಿತೈತಿ. ನನ್ನ ಮಗನ, ಅಂದ್ರ ನಿಮ್ಮಪ್ಪನ ನೌಕರಿ ಹೋಗಿತ್ತು, ಬಾಡಿಗಿ ಕಟ್ಟೂದ ಕಷ್ಟ ಆಗಿತ್ತು, ನೀವು ಸಣ್ಣವರು, ನಿಮಗೇನ ಗೊತ್ತು. ಅಮೆರಿಕಾಕ್ಕ ಬಂದ ಹೊಸದು, ಆವಾಗ ಇಲ್ಲೇ ಪ್ಲೆಸೆಂಟನ್ ಊರಾಗ ನಾದಿಯಾ ತನ್ನ ಡೇಕೇರಿಗೆ ನನ್ನ ಕರಕೊಂಡ್ಲು. ಹುಬ್ಬಳ್ಳಿಯಾಗ ಎಂದೂ ಹೊರಗ ದುಡದಾಕಿ ಅಲ್ಲ ನಾ, ಈ ವಯಸ್ಸಿನಾಗ ಮೊದಲನೇ ನೌಕರಿ, ಮಂದಿ ಮಕ್ಕಳ ಡಯಾಪರ್ ಬದಲಿಸೂದು. ನಗಬ್ಯಾಡ್ರಿ! ನಾದಿಯಾ ಪ್ಯಾಲೆಸ್ಟೀನಿನಾಕಿ, ಬೆತ್ಲೆಹೇಮ್ ಕಡೆ, ಕ್ರಿಶ್ಚಿಯನ್ನರಾಕಿ. ಜೋಡಿ ಕೆಲಸಕ್ಕಿದ್ದ ಅಮೀನಾ ಅದ ಊರಾಕಿ, ಮುಸಲ್ಮಾನರಾಕಿ. ಸಣ್ಣಾಕ್ಯಾರಿದ್ದಾಗಿಂದ ಗೆಳತ್ಯಾರು. ಖರ್ಜೂರ ತುಂಬಿ ಒಂದು ಬಿಸ್ಕೀಟು ಮಾಡತಿದ್ರು, ಬಿಸ್ಕೀಟಂದ್ರ ಬಿಸ್ಕೀಟಲ್ಲ, ನಮ್ಮ ಕರಚಿಕಾಯಿ ಇದ್ದಂಗ, ಈಸ್ಟರಿಗೂ ಅದ, ರಂಜಾನಕ್ಕೂ ಅದ, ಕಟಗಿ ಅಚ್ಚೂ ಒಂದ. ನಂಗೂ ಒತ್ತಾಕ ಕೊಡತಿದ್ರು.

ಆಮ್ಯಾಲೆ ಟೀವಿ ತುಂಬ ಅವರ ದೇಶದ ಯುದ್ಧ ಸುರು ಆತು ನೋಡ್ರಿ. ನಾದಿಯಾ ಯಾವ ದೇಶದಾಕಿ ಅಂತ ಮಂದಿ ಮಾತಾಡಾಕ ಹತ್ತಿದ್ರು, ಅಕಿನೂ ಮುಸಲ್ಮಾನರಾಕಿ ಅಂತ ತಿಳಕೊಂಡು ಒಬ್ಬೊಬ್ಬರ ಮಕ್ಕಳನ್ನ ಬಿಡಿಸಿದ್ರು. ನಮ್ಮ ಕನ್ನಡದವರೂ, ಹೌದು! ಡೇಕೇರು ಮುಚ್ಚೂ ಹಂಗಾತು. ಒಂದಿನ ಮೈಸೂರಿನಾಕಿ ಒಬ್ಬಾಕಿ ಮಗಳನ್ನ ಬಿಡಿಸಾಕ ಬಂದ್ಲು. ನಾದಿಯಾ ಬಗ್ಗಿ ಕೂಸಿಗೆ ಬೂಟು ಹಾಕತಿದ್ಲು, ಕೊರಳಾಗಿನ ಶಿಲುಬಿ ಹೊರಗ ಬಂತು. ಮೈಸೂರಿನಾಕಿ ಮುಖ ಅರಳಿತು, ಇಂಗ್ಲೀಷಿನಾಗ ಕೇಳಿದ್ಲು: "ಅಯ್ಯೋ, ನೀವು ಕ್ರಿಶ್ಚಿಯನ್ನಾ? ಮೊದ್ಲೇ ಹೇಳ್ಬಾರ್ದಿತ್ತಾ! ಯಾವಾಗ ಕನ್ವರ್ಟ್ ಆದ್ರಿ? ಹಂಗಾದ್ರೆ ನಮಗೇನೂ ಪ್ರಾಬ್ಲಮ್ ಇಲ್ಲ. ಆದ್ರೆ ಆ ಇನ್ನೊಬ್ರು..." ಅಂತ ಅಮೀನಾನ ಕಡೆ ನೋಡಿದ್ಲು. ಏಸು ಹುಟ್ಟಿದ ಊರಿನಾಕಿಗೆ ಯಾವಾಗ ಕನ್ವರ್ಟ್ ಆದಿ ಅಂತ ಕೇಳತಾಳ, ನಾಚಿಕಿ ಬ್ಯಾಡ?

ನಾದಿಯಾ ಎದ್ದು ನಿಂತು ಶಿಲುಬಿ ಮತ್ತ ಅಂಗಿ ಒಳಗ ಹಾಕ್ಕೊಂಡ್ಲು. "ಏಸು ಕಾಲದಿಂದ ನಾವು ಕ್ರಿಶ್ಚಿಯನ್ನರ. ಆದರ ನಿನ್ನ ಮಗಳ ಮೂಗು ಒರಸಿದ್ದು ಈ ಶಿಲುಬಿ ಅಲ್ಲ, ಅಮೀನಾ. ಅಕಿ ಬ್ಯಾಡಾದ್ರ ನಾನೂ ಬ್ಯಾಡ" ಅಂದು ಕೂಸಿನ ಬ್ಯಾಗು ಕೈಗಿಟ್ಲು. ಕೂಸು ಅಮೀನಾನ ಸೆರಗು, ಅಕಿಗೆಲ್ಲಿ ಸೆರಗು, ಸ್ಕಾರ್ಫು, ಅದನ್ನ ಹಿಡಕೊಂಡು ಹೋ ಅಂತ ಅಳತಿತ್ತು. ನಾ ಆ ಮೈಸೂರಿನಾಕಿಗೆ ಕನ್ನಡದಾಗ ಸರಿಯಾಗಿ ಉಗದೆ.

ಡೇಕೇರು ಮುಚ್ಚಿತು, ನನ್ನ ಪಗಾರೂ ಹೋತು. ಹೋಗ್ಲಿ! ಉಣಿಸೋರ ಕೊರಳಾಗ ಏನೈತಿ ಅಂತ ನೋಡಬ್ಯಾಡ್ರಿ, ಕೈ ತೊಳದಾರೋ ಇಲ್ಲೋ ನೋಡ್ರಿ. ನೀವೂ ಏಳ್ರಿ, ಕೈ ತೊಳಕೊಂಡು ಊಟಕ್ಕ ಬರ್ರಿ.